ಹೊಸ ಇಗ್ನಿಷನ್ ಕಾಯಿಲ್, ಹೊಸ ಇಸಿಯು: ನಡುವಿನ ನಾಲ್ಕು ತಂತಿಗಳ ಲೆಕ್ಕ

ಹಳೆಯ ಇಗ್ನಿಷನ್ ಕಾಯಿಲ್‌ನ ಕನೆಕ್ಟರ್ ಕಳಚಿದರೆ ಒಳಗೆ ಕಾಣುವುದು ಎರಡು ಪಿನ್. ಅದರ ಜಾಗಕ್ಕೆ ತಂದ ಶಕ್ತಿಶಾಲಿ ಕಾಯಿಲ್‌ನಲ್ಲಿ ನಾಲ್ಕು, ಕೆಲವದರಲ್ಲಿ ಐದು. ಅತ್ತ ಹೊಸ ಇಸಿಯುವಿನ ಹಾರ್ನೆಸ್‌ನಿಂದ (ತಂತಿಗಳ ಕಟ್ಟಿನಿಂದ) ಒಂದೊಂದು ಕಾಯಿಲ್‌ಗೆ ಅಂತ ಹೊರಡುವುದು ಒಂದೇ ಒಂದು ಸಪೂರ ತಂತಿ. ಆ ಒಂದು ಯಾವ ಪಿನ್ನಿಗೆ, ಉಳಿದ ಮೂರು ಎಲ್ಲಿಗೆ, ಆಮೇಲೆ ಲ್ಯಾಪ್‌ಟಾಪಿನಲ್ಲಿ ಯಾವ ಅಂಕಿ ತುಂಬಬೇಕು? ಎಂಜಿನ್‌ಗೆ ಆಫ್ಟರ್‌ಮಾರ್ಕೆಟ್ ಇಸಿಯು ಹಾಕಿಸಲು ಹೊರಟವರು ಬಹುಮಟ್ಟಿಗೆ ಎಡವುವುದು ಇಲ್ಲಿಯೇ.

ಇಸಿಯು ಅಂದರೆ ಎಂಜಿನ್ನಿನ ಕಂಪ್ಯೂಟರು. ಯಾವಾಗ ಪೆಟ್ರೋಲು ಚಿಮ್ಮಬೇಕು, ಯಾವಾಗ ಕಿಡಿ ಹಾರಬೇಕು ಅಂತ ನಿರ್ಧರಿಸುವುದು ಅದು. ವಾಹನದ ಕಂಪನಿ ಕೂರಿಸಿದ್ದನ್ನು ತೆಗೆದು, ನಮಗೆ ಬೇಕಾದಂತೆ ಸೆಟಿಂಗ್ ಬದಲಿಸಬಹುದಾದ ಬೇರೊಂದನ್ನು ಕೂರಿಸಿದರೆ ಅದು ಆಫ್ಟರ್‌ಮಾರ್ಕೆಟ್ ಇಸಿಯು. ಕಂಪನಿಯ ಇಸಿಯುವಿಗೆ ತನ್ನ ಕಾಯಿಲ್ ಯಾವುದು, ಅದು ತುಂಬಲು ಎಷ್ಟು ಹೊತ್ತು ಬೇಕು ಎಂಬುದೆಲ್ಲ ಮೊದಲೇ ಗೊತ್ತಿರುತ್ತದೆ. ಹೊಸದಕ್ಕೆ ಏನೂ ಗೊತ್ತಿಲ್ಲ, ನಾವೇ ಹೇಳಿಕೊಡಬೇಕು. ತಪ್ಪು ಹೇಳಿದರೆ ಅದು ತಪ್ಪನ್ನೇ ನಿಷ್ಠೆಯಿಂದ ಮಾಡುತ್ತದೆ.

ಕಾಯಿಲ್ ಒಳಗೆ ನಡೆಯುವುದೇನು

ಉದ್ದನೆಯ ಪೈಪಿನಲ್ಲಿ ನೀರು ಜೋರಾಗಿ ಹರಿಯುತ್ತಿರುವಾಗ ನಲ್ಲಿಯನ್ನು ಥಟ್ಟನೆ ಮುಚ್ಚಿ ನೋಡಿ. ಪೈಪು 'ಧಡ್' ಎಂದು ಬಡಿದುಕೊಳ್ಳುತ್ತದೆ. ಹರಿಯುತ್ತಿದ್ದ ನೀರಿನ ಓಘ ಒಮ್ಮೆಲೇ ನಿಂತಾಗ ಒತ್ತಡವಾಗಿ ಏಳುತ್ತದೆ. ಕಾಯಿಲ್ ಕೆಲಸ ಮಾಡುವುದೂ ಹೀಗೆಯೇ.

ಕಾಯಿಲ್‌ನೊಳಗೆ ಎರಡು ಸುರುಳಿಗಳಿವೆ. ಮೊದಲನೆಯದು ಪ್ರೈಮರಿ: ದಪ್ಪ ತಂತಿ, ಕಡಿಮೆ ಸುತ್ತು. ಎರಡನೆಯದು ಸೆಕೆಂಡರಿ: ಕೂದಲಿನಂಥ ತಂತಿ, ಪ್ರೈಮರಿಯ ಸುಮಾರು 80ರಿಂದ 100 ಪಟ್ಟು ಸುತ್ತು. ಪ್ರೈಮರಿಗೆ ಬ್ಯಾಟರಿಯ ಕರೆಂಟು ಬಿಟ್ಟರೆ ಅದು ಒಮ್ಮೆಗೇ ಏರುವುದಿಲ್ಲ. ಕೆಲವು ಮಿಲಿಸೆಕೆಂಡ್ ತೆಗೆದುಕೊಂಡು ನಿಧಾನಕ್ಕೆ 7, 8, 10 ಆಂಪಿಯರ್ ತನಕ ಹೋಗುತ್ತದೆ. ಅಷ್ಟರಲ್ಲಿ ಒಳಗಿನ ಕಬ್ಬಿಣದ ತಿರುಳಿನ ಸುತ್ತ ಕಾಂತಕ್ಷೇತ್ರ ಕಟ್ಟಿಕೊಂಡಿರುತ್ತದೆ. ಹೀಗೆ ತುಂಬಿಕೊಳ್ಳುವ ಹೊತ್ತಿಗೆ ಡ್ವೆಲ್ ಎಂದು ಹೆಸರು. ಆಮೇಲೆ ಸ್ವಿಚ್ ಆ ಕರೆಂಟನ್ನು ಥಟ್ಟನೆ ಕಡಿಯುತ್ತದೆ. ಕಾಂತಕ್ಷೇತ್ರ ಕುಸಿಯುವಾಗ ಪ್ರೈಮರಿಯಲ್ಲೇ 350ರಿಂದ 400 ವೋಲ್ಟ್ ಎದ್ದರೆ, ಸೆಕೆಂಡರಿಯಲ್ಲಿ ಅದರ 80–100 ಪಟ್ಟು, ಅಂದರೆ 30 ಸಾವಿರ ವೋಲ್ಟ್ ಆಚೀಚೆ ಏಳಬಲ್ಲದು. ಸ್ಪಾರ್ಕ್ ಪ್ಲಗ್ಗಿನ ತುದಿಯ ಗ್ಯಾಪ್ ದಾಟಿ ಕಿಡಿ ಹಾರುತ್ತದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಕಿಡಿ ಹಾರುವುದು ಕರೆಂಟು ಕೊಟ್ಟಾಗ ಅಲ್ಲ, ಕಡಿದಾಗ. ಮುಂದೆ ಬರುವ ಅರ್ಧಕ್ಕರ್ಧ ಗೊಂದಲ ಇದನ್ನು ಮರೆತದ್ದರಿಂದಲೇ ಹುಟ್ಟುವುದು.

ದೊಡ್ಡ ಕಾಯಿಲ್ ಬೇಕಾಗುವುದು ಯಾವಾಗ

ಗಾಳಿಯನ್ನು ಒತ್ತಿದಷ್ಟೂ ಅದನ್ನು ಸೀಳಿ ಕಿಡಿ ಹಾರುವುದು ಕಷ್ಟ. ಟರ್ಬೊ ಅಥವಾ ಸೂಪರ್‌ಚಾರ್ಜರ್ ಕೂರಿಸಿದ ಎಂಜಿನ್‌ನಲ್ಲಿ, ಕಂಪ್ರೆಷನ್ ಏರಿಸಿದ ಎಂಜಿನ್‌ನಲ್ಲಿ, ಪ್ಲಗ್ಗಿಗೆ ಮೊದಲಿಗಿಂತ ಹೆಚ್ಚು ವೋಲ್ಟೇಜ್ ಬೇಕು. ಹಳೆಯ ಕಾಯಿಲ್‌ಗೆ ಅದು ಆಗದಿದ್ದರೆ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಮಿಸ್ ಹೊಡೆಯುತ್ತದೆ. ಅಂಥಲ್ಲಿ ಪ್ಲಗ್ ಗ್ಯಾಪನ್ನು 1 ಮಿಲಿಮೀಟರಿನಿಂದ 0.7 ಅಥವಾ 0.6ಕ್ಕೆ ಇಳಿಸುವುದು ಮೊದಲ ಮದ್ದು. ಅದರಿಂದಲೂ ಆಗದಿದ್ದರೆ ಕಾಯಿಲ್. ಮಿಸ್ಸೇ ಇಲ್ಲದ ಎಂಜಿನ್‌ಗೆ ದೊಡ್ಡ ಕಾಯಿಲ್ ಹಾಕಿದರೆ ಎಂಜಿನ್ನಿನ ಬಲ ಏರುತ್ತದೆ ಎಂದುಕೊಳ್ಳುವುದು ಬೇಡ. ಹೊತ್ತಿಕೊಂಡ ಮಿಶ್ರಣ ಹೊತ್ತಿಕೊಂಡಂತೆಯೇ ಸರಿ, ಅದನ್ನು ಇನ್ನೊಮ್ಮೆ ಹೊತ್ತಿಸುವಂತಿಲ್ಲ.

ಬದಲಿಸಲು ಇನ್ನೊಂದು ಕಾರಣವೂ ಇದೆ. ಡಿಸ್ಟ್ರಿಬ್ಯೂಟರ್ (ಒಂದೇ ಕಾಯಿಲ್‌ನ ಕಿಡಿಯನ್ನು ಎಲ್ಲ ಸಿಲಿಂಡರಿಗೂ ಸರದಿಯಂತೆ ಹಂಚುವ ಭಾಗ) ಇರುವ ಹಳೆಯ ಎಂಜಿನ್‌ಗೆ ಹೊಸ ಇಸಿಯು ಬಂದಾಗ, ಪ್ರತಿ ಸಿಲಿಂಡರಿಗೂ ಒಂದೊಂದು ಕಾಯಿಲ್ ಕೊಟ್ಟರೆ ರೋಟರ್, ಕ್ಯಾಪ್, ಸವೆದ ಬುಶ್ ಎಲ್ಲದರ ತಲೆನೋವು ಒಟ್ಟಿಗೇ ಹೋಗುತ್ತದೆ.

ಸ್ವಿಚ್ ಇರುವುದು ಎಲ್ಲಿ?

ವೈರಿಂಗ್ ಶುರು ಮಾಡುವ ಮೊದಲು ಉತ್ತರ ಕಂಡುಕೊಳ್ಳಬೇಕಾದ ಪ್ರಶ್ನೆ ಇದು. ಕರೆಂಟು ಬಿಟ್ಟು ಕಡಿಯುವ ಆ ಸ್ವಿಚ್ಚಿಗೆ ಇಗ್ನೈಟರ್ ಎನ್ನುತ್ತಾರೆ. ಇದು ಪವರ್ ಟ್ರಾನ್ಸಿಸ್ಟರು. ಅದು ಇರಬಹುದಾದ ಜಾಗ ಮೂರು: ಕಾಯಿಲ್ ಒಳಗೆ, ಇಸಿಯು ಒಳಗೆ, ಅಥವಾ ಎರಡರ ನಡುವೆ ಬೇರೆಯೇ ಡಬ್ಬಿಯಲ್ಲಿ.

ಎರಡು ಪಿನ್ನಿನ ಕಾಯಿಲ್‌ನಲ್ಲಿ ಸುರುಳಿ ಬಿಟ್ಟರೆ ಬೇರೇನೂ ಇಲ್ಲ. ಇದನ್ನು ದಡ್ಡ ಕಾಯಿಲ್ ಎನ್ನೋಣ. ಇದಕ್ಕೆ ಹೊರಗಿನ ಇಗ್ನೈಟರ್ ಬೇಕೇ ಬೇಕು. ನಾಲ್ಕೈದು ಪಿನ್ನಿನವು ಸಾಮಾನ್ಯವಾಗಿ ಜಾಣ ಕಾಯಿಲ್‌ಗಳು. ಇಗ್ನೈಟರ್ ಹೊಟ್ಟೆಯಲ್ಲೇ ಇರುತ್ತದೆ. ಅವಕ್ಕೆ ಇಸಿಯುವಿನಿಂದ ಬೇಕಾದದ್ದು 5 ವೋಲ್ಟಿನ ಒಂದು ಸಣ್ಣ ಸನ್ನೆ, ಕೆಲವು ಮಿಲಿಆಂಪಿಯರ್ ಕರೆಂಟು, ಅಷ್ಟೆ. ಮೂರು ಪಿನ್ನಿನವು ಎರಡೂ ಬಗೆಯಲ್ಲಿ ಸಿಗುತ್ತವೆ. ಹಾಗಾಗಿ ಪಿನ್ ಎಣಿಸಿ ತೀರ್ಮಾನಕ್ಕೆ ಬರಬಾರದು, ಆ ಕಾಯಿಲ್‌ನ ಪಾರ್ಟ್ ನಂಬರ್ ಹಿಡಿದು ಅದರ ಡೇಟಾಶೀಟ್ ನೋಡಬೇಕು. ದಡ್ಡ ಕಾಯಿಲ್ ಎಂಬ ಅನುಮಾನವಿದ್ದರೆ ಮಲ್ಟಿಮೀಟರಿನಿಂದ ಎರಡು ಪಿನ್ನಿನ ನಡುವೆ ಅಳೆದು ನೋಡಬಹುದು. ಈಗಿನ ಕಾಯಿಲ್‌ಗಳಲ್ಲಿ ಪ್ರೈಮರಿ ಸಾಮಾನ್ಯವಾಗಿ 0.3ರಿಂದ 1 ಓಮ್ ಒಳಗೆ ತೋರಿಸುತ್ತದೆ.

ಜೋಡಿ ತಪ್ಪಿದರೆ ಏನಾಗುತ್ತದೆ? ದಡ್ಡ ಕಾಯಿಲ್ ಅನ್ನು 5 ವೋಲ್ಟಿನ ಸಿಗ್ನಲ್ ಔಟ್‌ಪುಟ್‌ಗೆ ನೇರ ಕೊಟ್ಟರೆ, ಮಿಲಿಆಂಪಿಯರಿಗೆಂದು ಮಾಡಿದ ಬಡಪಾಯಿ ಚಿಪ್ಪಿನ ಮೇಲೆ ಆಂಪಿಯರ್‌ಗಟ್ಟಲೆ ಕರೆಂಟೂ ನೂರಾರು ವೋಲ್ಟೂ ಬಂದು ಬೀಳುತ್ತವೆ. ಇಸಿಯುವಿನ ಆ ಚಾನೆಲ್ ಅಲ್ಲಿಗೆ ಮುಗಿಯಿತು. ತಿರುಗುಮುರುಗಾಗಿ, ಇಗ್ನೈಟರ್ ಒಳಗಿರುವ ಇಸಿಯುವಿನ ಔಟ್‌ಪುಟ್ಟನ್ನು ಜಾಣ ಕಾಯಿಲ್‌ನ ಸಿಗ್ನಲ್ ಪಿನ್ನಿಗೆ ಕೊಟ್ಟರೆ ಹೆಚ್ಚಿನ ಸಲ ಏನೂ ಆಗುವುದಿಲ್ಲ, ಕಿಡಿಯೂ ಬರುವುದಿಲ್ಲ. ಯಾಕೆಂದರೆ ಆ ಔಟ್‌ಪುಟ್ ತಂತಿಯನ್ನು ಸೊನ್ನೆ ವೋಲ್ಟಿಗೆ ಎಳೆಯಬಲ್ಲದು, 5 ವೋಲ್ಟಿಗೆ ಎತ್ತಲಾರದು.

ಈ ಎಳೆಯಬಲ್ಲ, ಎತ್ತಲಾರದ ಔಟ್‌ಪುಟ್ ಕೆಲವು ಇಸಿಯುಗಳ ಸಾಮಾನ್ಯ ಚಾನೆಲ್‌ಗಳಲ್ಲೂ ಇರುತ್ತದೆ. ಅಂಥಲ್ಲಿ ಇಸಿಯುವಿನ 5 ವೋಲ್ಟ್ ತಂತಿಯಿಂದ ಸಿಗ್ನಲ್ ತಂತಿಗೆ 1 ಕಿಲೋಓಮ್ ರೆಸಿಸ್ಟರ್ ಒಂದನ್ನು ಸೇರಿಸುತ್ತಾರೆ, ಇದು ಪುಲ್‌ಅಪ್. ರೆಸಿಸ್ಟರ್ ಮೇಲಕ್ಕೆತ್ತುತ್ತದೆ, ಇಸಿಯು ಕೆಳಕ್ಕೆಳೆಯುತ್ತದೆ. ಇದಕ್ಕೊಂದು ಮುಳ್ಳೂ ಇದೆ: ಕೀ ಹಾಕಿದ ಕೂಡಲೇ ಇಸಿಯು ಇನ್ನೂ ಎಚ್ಚರಗೊಳ್ಳದ ಆ ಅರೆಗಳಿಗೆಯಲ್ಲಿ ಎಳೆಯುವವರು ಯಾರೂ ಇರುವುದಿಲ್ಲ, ಸಿಗ್ನಲ್ ಮೇಲೇ ನಿಂತಿರುತ್ತದೆ, ಕಾಯಿಲ್‌ಗಳೆಲ್ಲ ಒಟ್ಟಿಗೆ ತುಂಬುತ್ತವೆ. ಕಾಯಿಲ್‌ಗೆ 12 ವೋಲ್ಟ್ ಬಿಡುವ ರಿಲೇಯನ್ನು (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್ಚನ್ನು) ಇಸಿಯುವಿನ ಹಿಡಿತಕ್ಕೇ ಕೊಡುವುದು ಇದಕ್ಕೆ ಪರಿಹಾರ. ತಾನು ಎಚ್ಚರವಾದ ಮೇಲೇ ಅದು ಕಾಯಿಲ್‌ಗೆ ಕರೆಂಟು ಬಿಡುತ್ತದೆ.

ಪಿನ್ನುಗಳ ಪರಿಚಯ

ಜಾಣ ಕಾಯಿಲ್‌ನ ನಾಲ್ಕು ಪಿನ್ನುಗಳ ಕೆಲಸ ಬಹುತೇಕ ಎಲ್ಲ ಕಡೆ ಒಂದೇ: 12 ವೋಲ್ಟ್, ಟ್ರಿಗರ್ ಸಿಗ್ನಲ್, ಸಿಗ್ನಲ್ ಗ್ರೌಂಡ್, ಎಂಜಿನ್ ಗ್ರೌಂಡ್. ಆದರೆ ಯಾವುದು ಎಲ್ಲಿ ಕೂತಿದೆ ಎಂಬುದು ಕಾಯಿಲ್‌ನಿಂದ ಕಾಯಿಲ್‌ಗೆ ಬೇರೆ.

ಬಹಳ ಮಂದಿ ಬಳಸುವ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿ. ಜನರಲ್ ಮೋಟರ್ಸ್‌ನ ಎಲ್‌ಎಸ್ ಎಂಜಿನ್‌ಗಳ ಟ್ರಕ್ ಕಾಯಿಲ್ ಡಿ585ರಲ್ಲಿ ಎ ಪಿನ್ ಎಂಜಿನ್ ಗ್ರೌಂಡ್, ಬಿ ಸಿಗ್ನಲ್ ಗ್ರೌಂಡ್, ಸಿ ಟ್ರಿಗರ್, ಡಿ 12 ವೋಲ್ಟ್. ಇನ್ನು ಐಜಿಎನ್-1ಎ ಎಂದು ಕರೆಯುವ ಐದು ಪಿನ್ನಿನ ಕಾಯಿಲ್‌ನಲ್ಲಿ ಎ ಟ್ರಿಗರ್, ಬಿ ಸಿಗ್ನಲ್ ಗ್ರೌಂಡ್, ಸಿ ಸಿಲಿಂಡರ್ ಹೆಡ್ ಗ್ರೌಂಡ್, ಡಿ ಪವರ್ ಗ್ರೌಂಡ್, ಇ 12 ವೋಲ್ಟ್. ಒಂದರ ಎ ಪಿನ್ ಗ್ರೌಂಡಾದರೆ ಇನ್ನೊಂದರ ಎ ಪಿನ್ ಟ್ರಿಗರ್. ಒಂದರ ಡಿ 12 ವೋಲ್ಟಾದರೆ ಇನ್ನೊಂದರ ಡಿ ಗ್ರೌಂಡ್. ಒಂದಕ್ಕೆ ಮಾಡಿದ ಹಾರ್ನೆಸ್ಸನ್ನು ಇನ್ನೊಂದಕ್ಕೆ ಅಂದಾಜಿನಲ್ಲಿ ಹೊಂದಿಸಿದರೆ ಕೀ ತಿರುಗಿಸಿದ ತಕ್ಷಣ ಫ್ಯೂಸ್ ಹಾರುವುದು ಅದೃಷ್ಟ, ಕಾಯಿಲ್ ಹೋಗುವುದು ದುರದೃಷ್ಟ.

ಚಿತ್ರ ನೋಡಿ ಪಿನ್ ಗುರುತಿಸುವಾಗ ಇನ್ನೊಂದು ಎಚ್ಚರ. ಚಿತ್ರ ತೋರಿಸುತ್ತಿರುವುದು ಕಾಯಿಲ್‌ನ ಮುಖವನ್ನೋ, ಹಾರ್ನೆಸ್ ಕನೆಕ್ಟರಿನ ಮುಖವನ್ನೋ, ಅಥವಾ ತಂತಿ ಒಳಹೋಗುವ ಅದರ ಬೆನ್ನನ್ನೋ? ಕನ್ನಡಿಯಲ್ಲಿ ಎಡಬಲ ಅದಲುಬದಲಾಗುವಂತೆ ಇಲ್ಲಿಯೂ ಆಗುತ್ತದೆ. ಕನೆಕ್ಟರಿನ ಪ್ಲಾಸ್ಟಿಕ್ ಮೇಲೇ ಸಣ್ಣಗೆ ಅಚ್ಚೊತ್ತಿದ ಅಕ್ಷರ ಅಥವಾ ಅಂಕಿ ಇರುತ್ತದೆ. ಟಾರ್ಚ್ ಬಿಟ್ಟು ಅದನ್ನೇ ಓದುವುದು ಒಳ್ಳೆಯದು.

ಗ್ರೌಂಡ್ ಮೂರು, ದಾರಿ ಮೂರು

ಗ್ಯಾರೇಜಿನಲ್ಲಿ ಇದನ್ನು ಅರ್ಥಿಂಗ್ ಎನ್ನುತ್ತಾರೆ. ಎಲ್ಲ ಗ್ರೌಂಡೂ ಕಡೆಗೆ ಬ್ಯಾಟರಿಯ ಮೈನಸ್‌ಗೇ ಹೋಗುತ್ತದಲ್ಲ, ಮೂರನ್ನೂ ಒಟ್ಟಿಗೆ ತಿರುಚಿ ಒಂದು ಬೋಲ್ಟಿಗೆ ಬಿಗಿದರೆ ಆಗದೇ? ಮೀಟರಿಗೆ ಮೂರೂ ಒಂದೇ. ಕಾಯಿಲ್‌ಗೆ ಅಲ್ಲ, ಯಾಕೆಂದರೆ ಒಂದೊಂದರಲ್ಲಿ ಹರಿಯುವುದು ಒಂದೊಂದು ಬಗೆಯ ಕರೆಂಟು.

ಪವರ್ ಗ್ರೌಂಡಿನಲ್ಲಿ ಪ್ರೈಮರಿಯ 8–10 ಆಂಪಿಯರ್ ಹರಿಯುತ್ತದೆ. ಹೆಡ್ ಗ್ರೌಂಡಿನಲ್ಲಿ ಹರಿಯುವುದು ಕಿಡಿಯ ಕರೆಂಟು. ಕಿಡಿ ಪ್ಲಗ್ಗಿನ ತುದಿಯಿಂದ ಸಿಲಿಂಡರ್ ಹೆಡ್ಡಿಗೆ ಹಾರುತ್ತದೆ, ಅಲ್ಲಿಂದ ಸೆಕೆಂಡರಿ ಸುರುಳಿಗೆ ಮರಳಲೇಬೇಕು. ಮರಳುವ ದಾರಿ ಹೆಡ್ಡಿಗೆ ಹತ್ತಿರ, ಗಿಡ್ಡವಾಗಿದ್ದರೆ ಚೆನ್ನ. ಆ ದಾರಿಯನ್ನು ನಾವು ಕೊಡದಿದ್ದರೆ ಅದೇ ಒಂದು ದಾರಿ ಹುಡುಕಿಕೊಳ್ಳುತ್ತದೆ, ಕೆಲವೊಮ್ಮೆ ಇಸಿಯುವಿನ ಮೂಲಕವೇ. ಸಿಗ್ನಲ್ ಗ್ರೌಂಡಿನ ಕೆಲಸ ಬೇರೆ. ಟ್ರಿಗರ್ ತಂತಿಯಲ್ಲಿ ಬಂದದ್ದು 5 ವೋಲ್ಟೋ ಸೊನ್ನೆಯೋ ಎಂದು ಕಾಯಿಲ್ ಅಳೆಯಲು ಬೇಕಾದ ಸೊನ್ನೆಯ ಗೆರೆ ಅದು. ಇದರಲ್ಲಿ ಹೆಚ್ಚು ಕರೆಂಟು ಹರಿಯಬಾರದು.

ಒಟ್ಟಿಗೆ ಕಟ್ಟಿದರೆ ಆಗುವ ಅನಾಹುತಕ್ಕೆ ಸಣ್ಣ ಲೆಕ್ಕ ಸಾಕು. ತುಕ್ಕು ಹಿಡಿದ ಬೋಲ್ಟು, ಸಪೂರ ತಂತಿ ಎಲ್ಲ ಸೇರಿ ಆ ಹಂಚಿಕೊಂಡ ದಾರಿಯಲ್ಲಿ ಬರಿಯ 0.05 ಓಮ್ ತಡೆ ಇದೆ ಎನ್ನಿ. ಅದರಲ್ಲಿ 10 ಆಂಪಿಯರ್ ಹರಿದರೆ 0.5 ವೋಲ್ಟ್ ಏಳುತ್ತದೆ. ಅಂದರೆ ಇಸಿಯುವಿನ ಸೊನ್ನೆ ಪ್ರತಿ ಡ್ವೆಲ್‌ಗೂ ಅರ್ಧ ವೋಲ್ಟ್ ಮೇಲೆ ಕೆಳಗೆ ಕುಣಿಯುತ್ತದೆ. ಥ್ರಾಟಲ್ ಸೆನ್ಸರ್, ಇಂಟೇಕಿನ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಎಲ್ಲ 0–5 ವೋಲ್ಟಿನಲ್ಲೇ ಮಾತಾಡುವಂಥವು. ಅವಕ್ಕೆ ಅರ್ಧ ವೋಲ್ಟ್ ಎಂದರೆ ಶೇ. 10ರಷ್ಟು ಸುಳ್ಳು. ಆಗ ಪೆಟ್ರೋಲಿನ ಲೆಕ್ಕ ತಪ್ಪುತ್ತದೆ, ಮನುಷ್ಯ ಟ್ಯೂನಿಂಗ್ ಸರಿ ಮಾಡುತ್ತಾ ದಿನಗಟ್ಟಲೆ ಕೂರುತ್ತಾನೆ.

ಆದ್ದರಿಂದ ಎಂಜಿನ್ ಗ್ರೌಂಡ್ (ಐದು ಪಿನ್ನಿನದರಲ್ಲಿ ಹೆಡ್ ಗ್ರೌಂಡ್) ತಂತಿಗಳನ್ನು ಕಾಯಿಲ್‌ನ ಹತ್ತಿರವೇ ಸಿಲಿಂಡರ್ ಹೆಡ್ಡಿಗೆ, ಬಣ್ಣ ಕೆರೆದು ಲೋಹ ಹೊಳೆಯುವಂತೆ ಮಾಡಿದ ಜಾಗದಲ್ಲಿ, ರಿಂಗ್ ಟರ್ಮಿನಲ್ ಹಾಕಿ ಬಿಗಿಯಬೇಕು. ಐದು ಪಿನ್ನಿನ ಕಾಯಿಲ್ ಆದರೆ ಪವರ್ ಗ್ರೌಂಡನ್ನು ಬ್ಯಾಟರಿಯ ಮೈನಸ್‌ಗೆ ದಪ್ಪ ತಂತಿಯಲ್ಲಿ ಒಯ್ಯಬೇಕು. ಸಿಗ್ನಲ್ ಗ್ರೌಂಡುಗಳನ್ನು ಒಟ್ಟುಗೂಡಿಸಿ, ಇಸಿಯುವಿನ ಕೈಪಿಡಿ ಎಲ್ಲಿ ಹೇಳಿದೆಯೋ ಅಲ್ಲಿಗೆ. ಸೆನ್ಸರ್‌ಗಳಿಗೆಂದು ಇಸಿಯು ಕೊಡುವ ಗ್ರೌಂಡ್ ತಂತಿಗೆ ಮಾತ್ರ ಕಾಯಿಲ್‌ನ ಪವರ್ ಗ್ರೌಂಡನ್ನು ಯಾವ ಕಾರಣಕ್ಕೂ ಸೇರಿಸಬಾರದು. ಬ್ಯಾಟರಿಯಿಂದ ಎಂಜಿನ್‌ಗೆ, ಎಂಜಿನ್‌ನಿಂದ ಬಾಡಿಗೆ ಹೋಗುವ ದಪ್ಪ ಪಟ್ಟಿಗಳು ಗಟ್ಟಿಯಿಲ್ಲದಿದ್ದರೆ ಇಷ್ಟೆಲ್ಲ ಮಾಡಿಯೂ ಪ್ರಯೋಜನವಿಲ್ಲ.

12 ವೋಲ್ಟ್: ರಿಲೇ, ಫ್ಯೂಸ್, ತಂತಿಯ ದಪ್ಪ

ಹಳೆಯ ಕಾಯಿಲ್‌ಗೆ ಬರುತ್ತಿದ್ದ ಇಗ್ನಿಷನ್ ಸ್ವಿಚ್ಚಿನ ತಂತಿಯಿಂದಲೇ ಹೊಸ ನಾಲ್ಕಕ್ಕೂ ಕರೆಂಟು ಹಂಚುವುದು ಸುಲಭದ ದಾರಿ, ಮತ್ತು ತಪ್ಪು ದಾರಿ. ಆ ತಂತಿ ದಶಕಗಳ ಹಿಂದಿನ ಕೀ ಸ್ವಿಚ್, ನಾಲ್ಕಾರು ಕನೆಕ್ಟರ್ ಹಾದು ಬಂದಿರುತ್ತದೆ. ಬ್ಯಾಟರಿಯಿಂದಲೇ ಫ್ಯೂಸ್, ಅಲ್ಲಿಂದ ರಿಲೇ, ರಿಲೇಯಿಂದ ಕಾಯಿಲ್‌ಗಳಿಗೆ ಹೊಸ ದಾರಿ ಎಳೆಯಬೇಕು.

ಎಷ್ಟು ಆಂಪಿಯರ್ ಬೇಕು? ನಾಲ್ಕು ಸಿಲಿಂಡರ್ ಎಂಜಿನ್, 6000 ಆರ್‌ಪಿಎಂ ಎಂದುಕೊಳ್ಳಿ. ಪ್ರತಿ ಕಾಯಿಲ್ ಎರಡು ಸುತ್ತಿಗೊಮ್ಮೆ, ಅಂದರೆ 20 ಮಿಲಿಸೆಕೆಂಡಿಗೊಮ್ಮೆ ಕಿಡಿ ಕೊಡುತ್ತದೆ. ಡ್ವೆಲ್ 3.5 ಮಿಲಿಸೆಕೆಂಡ್. ಆ ಹೊತ್ತಿನಲ್ಲಿ ಕರೆಂಟು ಸೊನ್ನೆಯಿಂದ 10ಕ್ಕೆ ಏರುವುದರಿಂದ ಸರಾಸರಿ 5 ಆಂಪಿಯರ್. ಉಳಿದ 16.5 ಮಿಲಿಸೆಕೆಂಡ್ ಏನೂ ಇಲ್ಲ. ಒಟ್ಟಾರೆ ಒಂದು ಕಾಯಿಲ್‌ಗೆ ಸರಾಸರಿ 0.9 ಆಂಪಿಯರ್, ನಾಲ್ಕಕ್ಕೆ ಸುಮಾರು 3.5. ಆದರೆ ತಂತಿ ಹೊರಬೇಕಾದದ್ದು ಸರಾಸರಿಯನ್ನಲ್ಲ, 10 ಆಂಪಿಯರಿನ ಆ ತುದಿಯನ್ನು. ಎಂಟು ಸಿಲಿಂಡರ್ ಆದರೆ 6000ದಲ್ಲಿ ಕಿಡಿಗಳ ನಡುವಿನ ಅಂತರ ಬರಿ 2.5 ಮಿಲಿಸೆಕೆಂಡ್, ಒಂದು ಕಾಯಿಲ್ ಮುಗಿಸುವ ಮೊದಲೇ ಇನ್ನೊಂದು ತುಂಬಲು ಶುರು ಮಾಡಿರುತ್ತದೆ. ತುದಿಗಳು ಒಂದರ ಮೇಲೊಂದು ಬೀಳುತ್ತವೆ.

ನಾಲ್ಕು ಕಾಯಿಲ್‌ಗೆ 30 ಅಥವಾ 40 ಆಂಪಿಯರಿನ ರಿಲೇ, 15ರಿಂದ 20 ಆಂಪಿಯರಿನ ಫ್ಯೂಸ್, ಮುಖ್ಯ ತಂತಿ 2ರಿಂದ 2.5 ಚದರ ಮಿಲಿಮೀಟರ್, ಅಲ್ಲಿಂದ ಒಂದೊಂದು ಕಾಯಿಲ್‌ಗೆ ಕವಲೊಡೆಯುವಲ್ಲಿ 1 ಚದರ ಮಿಲಿಮೀಟರ್ ಸಾಕು. ಟ್ರಿಗರ್ ತಂತಿಗೆ 0.5 ಕೂಡ ಧಾರಾಳ. ತಂತಿಯ ಹೊದಿಕೆ ಎಂಜಿನ್ ಬಿಸಿಗೆ ತಾಳುವಂತಿರಲಿ; 125 ಡಿಗ್ರಿ ಸೆಲ್ಸಿಯಸ್ ತಾಳುವ ತಂತಿಗೂ ಮನೆ ವೈರಿಂಗಿನ ತಂತಿಗೂ ನೋಡಲು ಅಂಥ ವ್ಯತ್ಯಾಸ ಕಾಣುವುದಿಲ್ಲ, ವಾಲ್ವ್ ಕವರ್ ಮೇಲೆ ಒಂದು ಬೇಸಿಗೆ ಕಳೆದ ಮೇಲೆ ಕಾಣುತ್ತದೆ. ಟರ್ಮಿನಲ್‌ಗಳನ್ನು ಅದಕ್ಕೆಂದೇ ಇರುವ ಕ್ರಿಂಪರ್‌ನಿಂದ ಒತ್ತಬೇಕು. ಬೆಸುಗೆ ಹಾಕಿದ ಜಾಗದಲ್ಲಿ ತಂತಿ ಸೆಟೆದುಕೊಳ್ಳುತ್ತದೆ, ಎಂಜಿನ್ನಿನ ಅದುರಿಗೆ ಸರಿಯಾಗಿ ಆ ಬೆಸುಗೆಯ ಅಂಚಿನಲ್ಲೇ ತುಂಡಾಗುತ್ತದೆ.

ಕಾಯಿಲ್‌ಗಳ ಹತ್ತಿರ 12 ವೋಲ್ಟ್ ತಂತಿಯಿಂದ ಗ್ರೌಂಡಿಗೆ ಒಂದು ಕಂಡೆನ್ಸರ್, ಸುಮಾರು 0.5ರಿಂದ 1 ಮೈಕ್ರೊಫ್ಯಾರಡ್, ಸೇರಿಸಿದರೆ ತಂತಿಯಲ್ಲಿ ಓಡಾಡುವ ವಿದ್ಯುತ್ ಗದ್ದಲ ತಗ್ಗುತ್ತದೆ. ವಾಹನ ಕಂಪನಿಗಳೂ ಇದನ್ನು ಹಾಕುತ್ತವೆ. ಹಳೆಯ ಹಾರ್ನೆಸ್‌ನಲ್ಲಿದ್ದದ್ದನ್ನು 'ಇದೇನೋ ಬೇಡದ್ದು' ಎಂದು ಕಿತ್ತೆಸೆಯುವವರೇ ಹೆಚ್ಚು.

ಡ್ವೆಲ್: ಕೊಡ ತುಂಬುವಷ್ಟು ಹೊತ್ತು

ನಲ್ಲಿಯ ಕೆಳಗೆ ಕೊಡ ಇಟ್ಟಂತೆ. ಬೇಗ ತೆಗೆದರೆ ಅರೆಕೊಡ, ಕಿಡಿ ಸೊರಗುತ್ತದೆ. ತಡವಾಗಿ ತೆಗೆದರೆ ಉಕ್ಕಿ ಹರಿಯುತ್ತದೆ. ಕಾಯಿಲ್‌ನಲ್ಲಿ ಹೀಗೆ ಉಕ್ಕುವುದೆಲ್ಲ ಶಾಖ. ತಿರುಳು ತುಂಬಿದ ಮೇಲೆ ಕೊಟ್ಟ ಕರೆಂಟು ಕಿಡಿಗೆ ಬರುವುದಿಲ್ಲ, ಸುರುಳಿಯನ್ನೂ ಟ್ರಾನ್ಸಿಸ್ಟರನ್ನೂ ಕಾಯಿಸುತ್ತದೆ. ಕೆಲವು ಜಾಣ ಕಾಯಿಲ್‌ಗಳು ಹೊತ್ತು ಮೀರಿದರೆ ತಮ್ಮನ್ನು ಉಳಿಸಿಕೊಳ್ಳಲು ತಾವೇ ಕರೆಂಟು ಕಡಿದುಬಿಡುತ್ತವೆ. ಕಡಿದರೆ ಕಿಡಿ. ಅಂದರೆ ಕಿಡಿ ಬೇಡದ ಹೊತ್ತಿನಲ್ಲಿ ಕಿಡಿ, ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ.

ನಲ್ಲಿಯ ಒತ್ತಡ ಕಡಿಮೆಯಾದರೆ ಕೊಡ ತುಂಬಲು ಹೆಚ್ಚು ಹೊತ್ತು ಬೇಕು. ಹಾಗೆಯೇ ಬ್ಯಾಟರಿ ವೋಲ್ಟೇಜ್ ಇಳಿದರೆ ಡ್ವೆಲ್ ಹೆಚ್ಚಬೇಕು. ಅದಕ್ಕೇ ಇಸಿಯುವಿನಲ್ಲಿ ಡ್ವೆಲ್ ಎಂದರೆ ಒಂದು ಅಂಕಿಯಲ್ಲ, ವೋಲ್ಟೇಜಿಗೆ ತಕ್ಕ ಪಟ್ಟಿ. ಪ್ರೈಮರಿಯ ಇಂಡಕ್ಟನ್ಸ್ 3 ಮಿಲಿಹೆನ್ರಿ, ತಡೆ 0.5 ಓಮ್ ಇರುವ ಒಂದು ಮಾದರಿ ಕಾಯಿಲ್ 8 ಆಂಪಿಯರ್ ತಲುಪಲು ಬೇಕಾಗುವ ಹೊತ್ತು ಹೀಗೆ:

14 ವೋಲ್ಟ್: 2.0 ಮಿಲಿಸೆಕೆಂಡ್
12 ವೋಲ್ಟ್: 2.4 ಮಿಲಿಸೆಕೆಂಡ್
10 ವೋಲ್ಟ್: 3.1 ಮಿಲಿಸೆಕೆಂಡ್
8 ವೋಲ್ಟ್: 4.2 ಮಿಲಿಸೆಕೆಂಡ್

ಇದು ಲೆಕ್ಕ ತೋರಿಸಲು ಮಾತ್ರ. ಹಾಕಬೇಕಾದದ್ದು ನಿಮ್ಮ ಕಾಯಿಲ್ ತಯಾರಕರು ಕೊಟ್ಟ ಪಟ್ಟಿಯನ್ನು. ಆದರೆ ಸ್ಟಾರ್ಟರ್ ತಿರುಗುವಾಗ ವೋಲ್ಟೇಜ್ 9–10ಕ್ಕೆ ಇಳಿಯುತ್ತದೆ ಎಂಬುದನ್ನು ಈ ಪಟ್ಟಿಯ ಜೊತೆ ಇಟ್ಟು ನೋಡಿದರೆ, ಓಡುವಾಗ ಚೆನ್ನಾಗಿದ್ದ ಎಂಜಿನ್ ಚಳಿಯಲ್ಲಿ ಬೆಳಿಗ್ಗೆ ಸ್ಟಾರ್ಟ್ ಆಗಲು ಯಾಕೆ ಹಟ ಹಿಡಿಯುತ್ತದೆ ಎಂಬುದು ತಿಳಿಯುತ್ತದೆ.

ಇದೇ ಕಾಯಿಲ್‌ಗೆ 14 ವೋಲ್ಟಿನ ಲೆಕ್ಕದಲ್ಲಿ 2 ಮಿಲಿಸೆಕೆಂಡ್ ಕೊಟ್ಟು, ದಾರಿಯಲ್ಲಿ ಕೆಟ್ಟ ರಿಲೇ 1 ವೋಲ್ಟ್ ತಿಂದರೆ? ಕರೆಂಟು 8ರ ಬದಲು 7.4 ಆಂಪಿಯರಿಗೆ ನಿಲ್ಲುತ್ತದೆ. ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಇರುವುದರಿಂದ 96 ಮಿಲಿಜೂಲ್ ಇದ್ದದ್ದು 83ಕ್ಕೆ ಇಳಿಯುತ್ತದೆ. ಒಂದು ವೋಲ್ಟಿಗೆ ಶೇ. 14ರಷ್ಟು ನಷ್ಟ. ಇಸಿಯುವಿಗೆ ಇದು ಗೊತ್ತೇ ಆಗುವುದಿಲ್ಲ, ಅದು ಅಳೆಯುವುದು ತನ್ನ ಪಿನ್ನಿನ ವೋಲ್ಟೇಜನ್ನು, ಕಾಯಿಲ್‌ನದ್ದನ್ನಲ್ಲ.

ವೇಸ್ಟೆಡ್ ಸ್ಪಾರ್ಕ್ ಎಂಬ ವಿಧಾನವೂ ಇದೆ. ಯಾವ ಸಿಲಿಂಡರಿನ ಸರದಿ ಎಂದು ಇಸಿಯುವಿಗೆ ತಿಳಿಸುವ ಕ್ಯಾಮ್ ಸೆನ್ಸರ್ ಇಲ್ಲದ ಎಂಜಿನ್‌ನಲ್ಲಿ, ಪ್ರತಿ ಸುತ್ತಿಗೂ ಜೋಡಿ ಸಿಲಿಂಡರ್‌ಗಳೆರಡಕ್ಕೂ ಒಟ್ಟಿಗೆ ಕಿಡಿ ಕೊಡುತ್ತಾರೆ. ಒಂದು ಕೆಲಸಕ್ಕೆ ಬರುತ್ತದೆ, ಇನ್ನೊಂದು ಹೊಗೆಯಲ್ಲಿ ವ್ಯರ್ಥ. ಇಲ್ಲಿ ಕಾಯಿಲ್‌ಗೆ ಎರಡರಷ್ಟು ದುಡಿಮೆ. 6000 ಆರ್‌ಪಿಎಂನಲ್ಲಿ ಕಿಡಿಗಳ ಅಂತರ 20 ಬದಲು 10 ಮಿಲಿಸೆಕೆಂಡ್, ಅದರಲ್ಲಿ 3.5 ಡ್ವೆಲ್‌ಗೇ ಹೋಗುತ್ತದೆ. ಬಿಸಿಯೂ ಎರಡರಷ್ಟು.

ಏರುವಾಗಲೋ, ಇಳಿಯುವಾಗಲೋ

ಕಾಯಿಲ್ ಅತಿ ಬೇಗ ಸುಡುವುದು ಈ ಒಂದು ಸೆಟಿಂಗ್ ತಪ್ಪಿದಾಗ. ಹೆಚ್ಚಿನ ಜಾಣ ಕಾಯಿಲ್‌ಗಳು ಸಿಗ್ನಲ್ 5 ವೋಲ್ಟಿಗೆ ಏರಿದಾಗ ತುಂಬಲು ತೊಡಗಿ, ಸೊನ್ನೆಗೆ ಇಳಿದ ಕ್ಷಣ ಕಿಡಿ ಬಿಡುತ್ತವೆ. ಇಸಿಯುವಿಗೆ ಇದನ್ನು ಹೇಳಬೇಕು. ತಂತ್ರಾಂಶದಲ್ಲಿ ಇದು ಇಗ್ನಿಷನ್ ಎಡ್ಜ್, ಸ್ಪಾರ್ಕ್ ಪೋಲಾರಿಟಿ, ಔಟ್‌ಪುಟ್ ಇನ್ವರ್ಟೆಡ್ ಎಂದು ಏನೇನೋ ಹೆಸರಿನಲ್ಲಿರುತ್ತದೆ. ಕೆಲವರು ಕಿಡಿ ಬೀಳುವ ಅಂಚಿನ ಹೆಸರು ಬರೆಯುತ್ತಾರೆ, ಕೆಲವರು ತುಂಬಲು ತೊಡಗುವ ಅಂಚಿನದ್ದು. ಆದ್ದರಿಂದ ಪದ ನೋಡಿ ಊಹಿಸದೆ ಕೈಪಿಡಿಯ ಚಿತ್ರ ನೋಡಬೇಕು.

ತಿರುಗುಮುರುಗಾದರೆ ಎರಡು ಕೆಡುಕು ಒಟ್ಟಿಗೇ. ಇಸಿಯು 'ವಿಶ್ರಾಂತಿ' ಎಂದುಕೊಂಡ ಹೊತ್ತೆಲ್ಲ ಸಿಗ್ನಲ್ ಮೇಲಿರುತ್ತದೆ, ಕಾಯಿಲ್ ಉದ್ದಕ್ಕೂ ತುಂಬುತ್ತಲೇ ಇರುತ್ತದೆ. ಎಂಜಿನ್ ನಿಂತಿದ್ದರೂ ಕೀ ಆನ್ ಇದ್ದರೆ ಸಾಕು. ಕೆಲವೇ ಸೆಕೆಂಡಿನಲ್ಲಿ ಕೈ ಇಡಲಾಗದಷ್ಟು ಬಿಸಿ, ಆಮೇಲೆ ಒಳಗಿನ ಗೋಂದು ಕರಗಿ ಹೊರಬರುತ್ತದೆ. ಎರಡನೆಯದು, ಕಿಡಿ ಬೀಳುವುದು ಡ್ವೆಲ್ ಮುಗಿದಾಗ ಅಲ್ಲ, ಡ್ವೆಲ್ ಶುರುವಾಗಬೇಕಿದ್ದ ಕ್ಷಣದಲ್ಲಿ. 3000 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಒಂದು ಮಿಲಿಸೆಕೆಂಡಿಗೆ 18 ಡಿಗ್ರಿ ತಿರುಗುತ್ತದೆ. 3 ಮಿಲಿಸೆಕೆಂಡ್ ಡ್ವೆಲ್ ಎಂದರೆ ಕಿಡಿ 54 ಡಿಗ್ರಿ ಮುಂಚಿತ. ಐಡ್ಲಿಂಗ್‌ನಲ್ಲಿ, 900 ಆರ್‌ಪಿಎಂಗೆ, ಅದೇ ತಪ್ಪು ಬರೇ 16 ಡಿಗ್ರಿಯಷ್ಟು ಕಾಣುತ್ತದೆ. ಹಾಗಾಗಿ ಎಂಜಿನ್ ಸ್ಟಾರ್ಟ್ ಆಗಿಬಿಡಬಹುದು, 'ಟೈಮಿಂಗ್ ಸ್ವಲ್ಪ ಹೆಚ್ಚಿದೆ' ಎಂದು ಇಳಿಸಿ ಓಡಿಸಿಯೂ ಬಿಡಬಹುದು. ಅಂಥ ಎಂಜಿನ್‌ನ ಪಿಸ್ಟನ್ ಬಹಳ ದಿನ ಬಾಳುವುದಿಲ್ಲ.

ಯಾವ ಔಟ್‌ಪುಟ್ ಯಾವ ಸಿಲಿಂಡರಿಗೆ

ನಾಲ್ಕು ಸಿಲಿಂಡರ್ ಎಂಜಿನ್‌ಗಳ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಉರಿಯುವ ಸರದಿ, ಸಾಮಾನ್ಯವಾಗಿ 1-3-4-2. ಇಸಿಯುವಿನ ಇಗ್ನಿಷನ್ ಔಟ್‌ಪುಟ್ 2 ಎಲ್ಲಿಗೆ? ಕೆಲವು ಇಸಿಯುಗಳಲ್ಲಿ ಔಟ್‌ಪುಟ್ ಸಂಖ್ಯೆ ಎಂದರೆ ಸಿಲಿಂಡರ್ ಸಂಖ್ಯೆ. 2 ಹೋಗುವುದು ಎರಡನೇ ಸಿಲಿಂಡರಿಗೆ. ಇನ್ನು ಕೆಲವದರಲ್ಲಿ ಸಂಖ್ಯೆ ಎಂದರೆ ಸರದಿ. ಔಟ್‌ಪುಟ್ 2 ಹೋಗಬೇಕಾದದ್ದು ಎರಡನೆಯದಾಗಿ ಉರಿಯುವ ಮೂರನೇ ಸಿಲಿಂಡರಿಗೆ, 3 ನಾಲ್ಕಕ್ಕೆ, 4 ಎರಡಕ್ಕೆ. ತಪ್ಪಿದರೆ ಇಂಟೇಕಿನಲ್ಲಿ ಪಟಾಕಿ. ತಂತಿ ಎಳೆಯುವಾಗಲೇ ಎರಡೂ ತುದಿಗೆ ಲೇಬಲ್ ಅಂಟಿಸಿಟ್ಟರೆ ಆಮೇಲೆ ಹಾರ್ನೆಸ್ ಬಿಚ್ಚುವ ಕೆಲಸವಿಲ್ಲ.

ಮೊದಲ ಕಿಡಿ

ಎಲ್ಲ ಕೂಡಿಸಿದ ಮೇಲೆ ನೇರ ಸ್ಟಾರ್ಟ್ ಮಾಡಲು ಹೋಗಬಾರದು. ಇಂಜೆಕ್ಟರ್‌ಗಳ ಮತ್ತು ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತಿಡಿ. ಕಾಯಿಲ್‌ಗಳ ಕನೆಕ್ಟರ್ ಕಳಚಿ ಕೀ ಹಾಕಿ, ಪ್ರತಿ ಕನೆಕ್ಟರಿನಲ್ಲೂ ಅಳೆಯಿರಿ: 12 ವೋಲ್ಟ್ ಪಿನ್ನಿನಲ್ಲಿ ಬ್ಯಾಟರಿ ವೋಲ್ಟೇಜೇ ಇರಬೇಕು, ಬ್ಯಾಟರಿ ಮೈನಸ್‌ನಿಂದ ಗ್ರೌಂಡ್ ಪಿನ್ನುಗಳಿಗೆ ತಡೆ ಸೊನ್ನೆಯ ಹತ್ತಿರವಿರಬೇಕು (ತಡೆ ಅಳೆಯುವಾಗ ಕೀ ಆಫ್), ಟ್ರಿಗರ್ ಪಿನ್ನಿನಲ್ಲಿ, ಎಂಜಿನ್ ನಿಂತಿರುವಾಗ, ಸೊನ್ನೆ ವೋಲ್ಟ್ ಇರಬೇಕು. ಅಲ್ಲಿ 5 ವೋಲ್ಟ್ ಕಂಡರೆ ಎಡ್ಜ್ ತಿರುಗುಮುರುಗಾಗಿದೆ ಎಂದೇ ಲೆಕ್ಕ. ಕಾಯಿಲ್ ಜೋಡಿಸುವ ಮೊದಲೇ ಇದು ಗೊತ್ತಾದರೆ ಖರ್ಚಿಲ್ಲ.

ಆಮೇಲೆ ಒಂದೇ ಒಂದು ಕಾಯಿಲ್ ಜೋಡಿಸಿ, ಅದಕ್ಕೆ ಸ್ಪಾರ್ಕ್ ಟೆಸ್ಟರ್ ಹಾಕಿ ಹೆಡ್ಡಿಗೆ ಕ್ಲಿಪ್ ಮಾಡಿ, ಇಸಿಯುವಿನ ಔಟ್‌ಪುಟ್ ಟೆಸ್ಟ್‌ನಿಂದ ಕಿಡಿ ಬಿಡಿಸಿ. ಪ್ಲಗ್ಗನ್ನು ಕೈಯಲ್ಲಿ ಹಿಡಿಯುವ ಹಳೆಯ ಚಾಳಿ ಇಲ್ಲಿ ಬೇಡ. 100 ಮಿಲಿಜೂಲಿನ ಕಾಯಿಲ್‌ನ ಹೊಡೆತ ಹೃದಯಕ್ಕೆ ಅಪಾಯ. ಪ್ಲಗ್ಗೇ ಇಲ್ಲದೆ ಕಾಯಿಲ್‌ಗೆ ಟ್ರಿಗರ್ ಕೊಡುವುದೂ ಸಲ್ಲ. ಹೋಗಲು ದಾರಿಯಿಲ್ಲದ ವೋಲ್ಟೇಜ್ ಕಾಯಿಲ್‌ನ ಒಳಗಿನ ಇನ್ಸುಲೇಷನ್ ಸೀಳಿಕೊಂಡು ಹೋಗುತ್ತದೆ. ಹಾಗೆ ಒಮ್ಮೆ ಸೀಳಿದ ಕಾಯಿಲ್ ಆಮೇಲೆ ಐಡ್ಲಿಂಗ್‌ನಲ್ಲಿ ಸರಿಯಾಗಿದ್ದು ಲೋಡಿನಲ್ಲಿ ಕೈಕೊಡುತ್ತದೆ.

ನಾಲ್ಕೂ ಸರಿ ಎನಿಸಿದ ಮೇಲೆ ಫ್ಯೂಸ್ ಹಾಕಿ ಸ್ಟಾರ್ಟ್ ಮಾಡಿ, ಇಸಿಯುವಿನಲ್ಲಿ ಟೈಮಿಂಗನ್ನು (ಕಿಡಿ ಬೀಳುವ ಹೊತ್ತನ್ನು) 10 ಅಥವಾ 15 ಡಿಗ್ರಿಗೆ ಲಾಕ್ ಮಾಡಿ, ಕಿಡಿ ಬಿದ್ದಾಗಲೆಲ್ಲ ಮಿನುಗುವ ಟೈಮಿಂಗ್ ಲೈಟನ್ನು ಪುಲ್ಲಿಯ ಗುರುತಿಗೆ ಹಿಡಿಯಿರಿ. ಕಾಯಿಲ್ ಪ್ಲಗ್ಗಿನ ಮೇಲೇ ಕೂರುವಂಥದ್ದಾದರೆ ಲೈಟಿನ ಕ್ಲಿಪ್ ಹಾಕಲು ತಂತಿಯೇ ಇರುವುದಿಲ್ಲ. ಆಗ ಮೊದಲ ಸಿಲಿಂಡರಿನ ಕಾಯಿಲ್ ಮೇಲೆತ್ತಿ, ನಡುವೆ ತಾತ್ಕಾಲಿಕವಾಗಿ ಒಂದು ಹೈ ಟೆನ್ಷನ್ ಲೀಡ್ ಸೇರಿಸಿಕೊಳ್ಳಬೇಕು. ಕಾಯಿಲ್‌ಗೆ ಪ್ರತ್ಯೇಕ ಗ್ರೌಂಡ್ ಕೊಡುವುದನ್ನು ಮರೆಯದೆ. ಪುಲ್ಲಿಯ ಗುರುತು ಐಡ್ಲಿಂಗ್‌ನಲ್ಲೂ 3000ದಲ್ಲೂ ಒಂದೇ ಕಡೆ ನಿಂತಿರಬೇಕು. ಒಂದೆರಡು ಡಿಗ್ರಿ ಸರಿದರೆ ಇಸಿಯುವಿನ ಇಗ್ನಿಷನ್ ಡಿಲೇ ಸೆಟಿಂಗ್‌ನಲ್ಲಿ ಸರಿಪಡಿಸಬಹುದು. ಹತ್ತಾರು ಡಿಗ್ರಿ ಸರಿದರೆ ಎಂಜಿನ್ ಆಫ್ ಮಾಡಿ ಎಡ್ಜ್ ಸೆಟಿಂಗ್‌ಗೆ ಮರಳಬೇಕು.

ಆದರೂ ಮಿಸ್ ಹೊಡೆದರೆ

ಮಿಸ್ ಎಲ್ಲಿ ಬರುತ್ತದೆ ಎಂಬುದರಲ್ಲೇ ಅರ್ಧ ಉತ್ತರವಿದೆ. ಲೋಡಿನಲ್ಲಿ ಮಾತ್ರ ಬಂದರೆ ಕಿಡಿಗೆ ಬಲ ಸಾಲುತ್ತಿಲ್ಲ: ಗ್ಯಾಪ್ ದೊಡ್ಡದು, ಡ್ವೆಲ್ ಕಡಿಮೆ, ಅಥವಾ ಕಾಯಿಲ್‌ಗೆ ತಲುಪುವ ವೋಲ್ಟೇಜ್ ಕಡಿಮೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಪ್ಲಸ್‌ಗೂ ಕಾಯಿಲ್‌ನ 12 ವೋಲ್ಟ್ ಪಿನ್ನಿಗೂ ನಡುವೆ ಮೀಟರ್ ಇಟ್ಟು ನೋಡಿ. ಮೀಟರ್ ತೋರಿಸುವುದು ಸರಾಸರಿಯನ್ನು, ಆದ್ದರಿಂದ 0.3 ವೋಲ್ಟ್ ಕಂಡರೂ ದಾರಿಯಲ್ಲಿ ಏನೋ ಅಡ್ಡಿಯಿದೆ ಎಂದುಕೊಳ್ಳಬಹುದು.

ಅರ್ಧ ಗಂಟೆ ಓಡಿ ಬಿಸಿಯಾದ ಮೇಲೆ ಬಂದರೆ ಡ್ವೆಲ್ ಹೆಚ್ಚಾಗಿರಬಹುದು. ಒಂದು ನಿರ್ದಿಷ್ಟ ಆರ್‌ಪಿಎಂ ಮೇಲೆ ಇದ್ದಕ್ಕಿದ್ದಂತೆ ಎಲ್ಲ ಸಿಲಿಂಡರೂ ಒಟ್ಟಿಗೆ ತಡವರಿಸಿ, ಇಸಿಯುವಿನ ದಾಖಲೆಯಲ್ಲಿ ಆರ್‌ಪಿಎಂ ಗೆರೆ ಗರಗಸದಂತೆ ಕಂಡರೆ ಅದು ಕಿಡಿಯ ಬಲದ ಪ್ರಶ್ನೆಯೇ ಅಲ್ಲ. ಕ್ರ್ಯಾಂಕಿನ ಹಲ್ಲುಚಕ್ರದ ಹಲ್ಲುಗಳನ್ನು ಓದುವ ಕ್ರ್ಯಾಂಕ್ ಸೆನ್ಸರಿನ ತಂತಿಗೆ ಕಾಯಿಲ್‌ಗಳ ಗದ್ದಲ ನುಗ್ಗಿ, ಇಲ್ಲದ ಹಲ್ಲುಗಳನ್ನು ಇಸಿಯು ಎಣಿಸುತ್ತಿದೆ. ಸೆನ್ಸರಿಗೆ ಶೀಲ್ಡ್ ಇರುವ ತಂತಿ ಹಾಕಿ, ಶೀಲ್ಡನ್ನು ಇಸಿಯುವಿನ ತುದಿಯಲ್ಲಿ ಮಾತ್ರ ಗ್ರೌಂಡ್ ಮಾಡಿ. ಅದನ್ನು ಕಾಯಿಲ್ ತಂತಿಗಳ ಜೊತೆ ಒಂದೇ ಕಟ್ಟಿನಲ್ಲಿ ಒಯ್ಯಬೇಡಿ, ದಾಟಲೇಬೇಕಾದರೆ ಅಡ್ಡಲಾಗಿ ದಾಟಿಸಿ. ಪ್ಲಗ್ ಒಳಗೆ ರೆಸಿಸ್ಟರ್ ಇಲ್ಲದ ಮಾದರಿ ಹಾಕಿದ್ದರೆ, ಸುಮಾರು 5 ಕಿಲೋಓಮ್ ರೆಸಿಸ್ಟರ್ ಇರುವ ಪ್ಲಗ್ ಹಾಕಿದ ದಿನವೇ ಎಷ್ಟೋ ಸಲ ಈ ಕಾಟ ತೊಲಗುತ್ತದೆ.

ಇನ್ನು ಎಂಜಿನ್ ಗಡಿಯಾರದಂತೆ ಓಡುತ್ತಿದ್ದು, ಡ್ಯಾಶ್‌ಬೋರ್ಡಿನ ಆರ್‌ಪಿಎಂ ಮುಳ್ಳು ಮಾತ್ರ ಸತ್ತು ಬಿದ್ದಿದ್ದರೆ ಗಾಬರಿ ಬೇಡ. ಹಳೆಯ ಟ್ಯಾಕೊಮೀಟರು ಓದುತ್ತಿದ್ದದ್ದು ಹಳೆಯ ಕಾಯಿಲ್‌ನ ಮೈನಸ್ ತುದಿಯಲ್ಲಿ ಏಳುತ್ತಿದ್ದ ಆ ನೂರಾರು ವೋಲ್ಟಿನ ಏಟನ್ನು. ಜಾಣ ಕಾಯಿಲ್‌ನಲ್ಲಿ ಅದು ಹೊಟ್ಟೆಯೊಳಗೇ ಉಳಿದುಬಿಡುತ್ತದೆ. ಇಸಿಯುವಿನ ಟ್ಯಾಕೊ ಔಟ್‌ಪುಟ್ಟನ್ನು, ಬೇಕಾದರೆ 12 ವೋಲ್ಟಿಗೆ 1 ಕಿಲೋಓಮ್ ಪುಲ್‌ಅಪ್ ಹಾಕಿ, ಮೀಟರಿಗೆ ಕೊಟ್ಟರೆ ಹೆಚ್ಚಿನ ಮುಳ್ಳುಗಳು ಮತ್ತೆ ಏಳುತ್ತವೆ.